ಎರಡು ಹೆಸರು, ಒಂದೇ ಬೆಡ್ಡು: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಲ್ಕು ದಿನ

ಹೋಟೆಲ್ ಬುಕ್ ಮಾಡುವಾಗ ಎಲ್ಲರೂ ನೋಡೋದು ಬಾಡಿಗೆ ಎಷ್ಟು, ತಿಂಡಿ ಇದೆಯಾ, ಸ್ಟೇಷನ್ ಎಷ್ಟು ದೂರ ಅಂತ. ನಾನು, ನನ್ನ ಸಂಗಾತಿ ಮೊದಲು ಯೋಚಿಸೋದು ಬೇರೆ: ಕೌಂಟರ್‌ನಲ್ಲಿ ಏನು ಕೇಳ್ತಾರೆ? ನಾವಿಬ್ಬರೂ ಗಂಡಸರು. ಒಮ್ಮೆ ಮಲೆನಾಡಿನ ಒಂದು ಲಾಡ್ಜ್‌ನಲ್ಲಿ ಇಬ್ಬರ ಆಧಾರ್ ಕಾರ್ಡನ್ನೂ ತಿರುಗಿಸಿ ತಿರುಗಿಸಿ ನೋಡಿ, "ಡಬಲ್ ಬೆಡ್ ಯಾಕೆ ಸಾರ್? ಇವರು ನಿಮಗೆ ಏನಾಗ್ಬೇಕು?" ಅಂದಿದ್ದರು. "ಕಸಿನ್" ಅಂದೆ. ಆ ಸುಳ್ಳು ಈಗ ಯೋಚಿಸದೇ ಬಾಯಿಗೆ ಬರುತ್ತೆ.

ಹಾಗಾಗಿ ಕಳೆದ ವರ್ಷ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟಾಗ 'ಗೇ ಫ್ರೆಂಡ್ಲಿ ಹೋಟೆಲ್' ಅಂತಲೇ ಹುಡುಕಿದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು, ಆ ಊರಿನಲ್ಲಿ ಆ ಬೋರ್ಡ್ ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ.

ಬೋರ್ಡಿಗಿಂತ ಕಾನೂನು ದೊಡ್ಡದು

ನೆದರ್‌ಲ್ಯಾಂಡ್ಸ್‌ನಲ್ಲಿ 1994ರಿಂದಲೇ ಸಮಾನ ವರ್ತನೆಯ ಕಾನೂನು ಇದೆ. ಸಲಿಂಗಿಗಳು ಅನ್ನೋ ಕಾರಣಕ್ಕೆ ಹೋಟೆಲಿನವರು ರೂಮ್ ಕೊಡಲ್ಲ ಅನ್ನುವ ಹಾಗಿಲ್ಲ. 2001ರ ಏಪ್ರಿಲ್ 1ರಂದು ಸಲಿಂಗಿಗಳ ಮದುವೆಯೂ ಕಾನೂನುಬದ್ಧವಾಯಿತು. ಜಗತ್ತಿನಲ್ಲೇ ಮೊದಲು. ಆ ದಿನ ಮಧ್ಯರಾತ್ರಿ ದಾಟುತ್ತಿದ್ದಂತೆ ನಗರದ ಮೇಯರ್ ಯೋಬ್ ಕೋಹೆನ್ ಅವರೇ ನಿಂತು ನಾಲ್ಕು ಜೋಡಿಗಳ ಮದುವೆ ಮಾಡಿಸಿದ್ದರು.

ನಾವು ಉಳಿದದ್ದು ಕಾಲುವೆ ಪಕ್ಕದ ಹಳೇ ಮನೆಯೊಂದರ ಹೋಟೆಲಿನಲ್ಲಿ. ಕೌಂಟರ್‌ನಲ್ಲಿದ್ದಾಕೆ ಎರಡೂ ಪಾಸ್‌ಪೋರ್ಟ್ ನೋಡಿದರು. ನನ್ನ ಎದೆ ಅಭ್ಯಾಸಬಲದಿಂದ ಡವಡವ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೂಟ್‌ಕೇಸ್ ಭಾರ ಇದೆಯಾ? ರೂಮ್ ಮೂರನೇ ಮಹಡಿ, ಲಿಫ್ಟ್ ಇಲ್ಲ."

ಇದು ತಮಾಷೆಯಲ್ಲ. ಅಲ್ಲಿನ ಹಳೇ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ಬುಕ್ ಮಾಡುವ ಮೊದಲು ಲಿಫ್ಟ್ ಇದೆಯಾ ನೋಡಿಕೊಳ್ಳಿ. 2024ರಿಂದ ರೂಮ್ ಬಾಡಿಗೆ ಮೇಲೆ 12.5% ಪ್ರವಾಸಿ ತೆರಿಗೆಯೂ ಇದೆ. ಆ್ಯಪ್‌ನಲ್ಲಿ ಕಾಣುವ ಬೆಲೆಯಲ್ಲಿ ಅದು ಸೇರಿದೆಯಾ ಅಂತಲೂ ನೋಡಿ.

ಎಲ್ಲಿ ಉಳಿಯೋದು, ಏನು ನೋಡೋದು

ಸಂಜೆ ಗದ್ದಲ ಇಷ್ಟ ಅಂದ್ರೆ ರೆಗುಲಿಯರ್ಸ್‌ದ್ವಾರ್ಸ್‌ಸ್ಟ್ರಾಟ್ ಬೀದಿಯ ಸುತ್ತಮುತ್ತ ರೂಮ್ ಹಿಡಿಯಿರಿ. ಗೇ ಬಾರ್‌ಗಳೆಲ್ಲ ಸಾಲಾಗಿ ಅಲ್ಲಿವೆ. ನಿದ್ದೆ ಮುಖ್ಯ ಅನ್ನೋರಿಗೆ ಯೋರ್ಡಾನ್ ಬಡಾವಣೆ ಒಳ್ಳೇದು. ವಿಮಾನ ನಿಲ್ದಾಣದಿಂದ ನಗರದ ಮುಖ್ಯ ಸ್ಟೇಷನ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪಬಹುದು. ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು, ಟಿಕೆಟ್ ಬೇಡ.

ಜೇಡೈಕ್ ಬೀದಿಯಲ್ಲಿ 'ಮಾಂಡ್ಯೆ' ಅನ್ನೋ ಪುಟ್ಟ ಬಾರ್ ಇದೆ. ಕೇಳಿದ ತಕ್ಷಣ ನಮ್ಮ ಮಂಡ್ಯ ನೆನಪಾಯ್ತು. ಡಚ್ ಭಾಷೆಯಲ್ಲಿ ಅದರ ಅರ್ಥ ಪುಟ್ಟ ಬುಟ್ಟಿ. 1927ರಲ್ಲಿ ಬೆಟ್ ಫಾನ್ ಬೇರೆನ್ ಎಂಬ ಗಟ್ಟಿಗಿತ್ತಿ ಶುರು ಮಾಡಿದ್ದು. ಹೆಂಗಸರನ್ನು ಪ್ರೀತಿಸುವುದನ್ನು ಆಕೆ ಆ ಕಾಲದಲ್ಲೇ ಮುಚ್ಚಿಟ್ಟವಳಲ್ಲ. ಗಿರಾಕಿಗಳ ಟೈ ಕತ್ತರಿಸಿ ಸೂರಿಗೆ ನೇತುಹಾಕುತ್ತಿದ್ದಳಂತೆ.

ಆದರೆ ನನ್ನನ್ನು ತುಂಬಾ ಹೊತ್ತು ಕೂರಿಸಿದ್ದು ವೆಸ್ಟರ್‌ಕೆರ್ಕ್ ಚರ್ಚಿನ ಪಕ್ಕದ 'ಹೋಮೊಮಾನ್ಯುಮೆಂಟ್'. 1987ರಲ್ಲಿ ಉದ್ಘಾಟನೆಯಾದ ಇದು ಗುಲಾಬಿ ಗ್ರಾನೈಟ್‌ನ ಮೂರು ತ್ರಿಕೋನಗಳ ಸ್ಮಾರಕ. ನಾಜಿ ಶಿಬಿರಗಳಲ್ಲಿ ಸಲಿಂಗಿ ಗಂಡಸರ ಬಟ್ಟೆಗೆ ಗುರುತಾಗಿ ಹೊಲಿಯುತ್ತಿದ್ದದ್ದು ಇದೇ ಗುಲಾಬಿ ತ್ರಿಕೋನ. ಅವಮಾನದ ಆ ಚಿಹ್ನೆಯನ್ನೇ ಇಲ್ಲಿ ಊರ ನಡುವೆ ಕಲ್ಲಾಗಿ ಹಾಸಿದ್ದಾರೆ. ಒಂದು ತ್ರಿಕೋನ ಮೆಟ್ಟಿಲಾಗಿ ಕಾಲುವೆಯ ನೀರಿಗೆ ಇಳಿಯುತ್ತೆ. ಯಾರೋ ಅದರ ಮೇಲೆ ಹೂವಿಟ್ಟು ಹೋಗಿದ್ದರು. ಕೂಗಳತೆ ದೂರದಲ್ಲೇ ಆ್ಯನ್ ಫ್ರಾಂಕ್ ಅಡಗಿದ್ದ ಮನೆ. ಅಲ್ಲಿ ಕೂತು ಅವನು ನನ್ನ ಕೈ ಹಿಡಿದುಕೊಂಡ. ನಾನು ರೂಢಿಯಂತೆ ಸುತ್ತ ನೋಡಿದೆ. ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ.

ಪ್ರೈಡ್ ದೋಣಿ ಮೆರವಣಿಗೆ ನೋಡಬೇಕಾದರೆ ಆಗಸ್ಟ್ ಆರಂಭಕ್ಕೆ ಹೋಗಿ. 1996ರಲ್ಲಿ ಶುರುವಾದದ್ದು, ಸಾಮಾನ್ಯವಾಗಿ ಆಗಸ್ಟ್‌ನ ಮೊದಲ ಶನಿವಾರ ಪ್ರಿನ್ಸೆನ್‌ಗ್ರಾಹ್ಟ್ ಕಾಲುವೆಯಲ್ಲಿ ನಡೆಯುತ್ತೆ. ಆ ವಾರ ರೂಮ್ ಸಿಗೋದು ಕಷ್ಟ, ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ.

ಹಾಗಂತ ಅದು ಸ್ವರ್ಗವೇನಲ್ಲ. ಒಂದು ರಾತ್ರಿ ಕುಡಿದ ಹುಡುಗರ ಗುಂಪೊಂದು ನಮ್ಮನ್ನು ನೋಡಿ ಏನೋ ಕೂಗಿತು. ಬೇಗ ಬೇಗ ನಡೆದು ರೂಮ್ ಸೇರಿದೆವು. ತಡರಾತ್ರಿಯ ಎಚ್ಚರ ಎಲ್ಲ ಊರಿನಲ್ಲೂ ಬೇಕು.

ವಾಪಸ್ ಬಂದ ಮೇಲೆ

ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿತು. 2023ರಲ್ಲಿ ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. ಅಲ್ಲಿಗೆ ನಾವು ಅಪರಾಧಿಗಳಂತೂ ಅಲ್ಲ, ಆದರೆ ರಿಜಿಸ್ಟರ್‌ನ 'ಸಂಬಂಧ' ಅನ್ನೋ ಕಾಲಂನಲ್ಲಿ ಬರೆಯಲು ಒಂದು ಪದವೂ ಇಲ್ಲ.

ಕಳೆದ ತಿಂಗಳು ಹಾಸನದ ಕಡೆ ಹೋದಾಗ ಲಾಡ್ಜ್‌ನ ಹುಡುಗ ಅದೇ ಪ್ರಶ್ನೆ ಕೇಳಿದ. "ಇವರು ಏನಾಗ್ಬೇಕು ಸಾರ್?" ಕಸಿನ್ ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, "ಪಾರ್ಟ್ನರ್" ಅಂದೆ.

"ಬಿಸಿನೆಸ್ಸಾ ಸಾರ್?"

"ಅಲ್ಲಪ್ಪ, ಲೈಫು."

ಹುಡುಗ ಒಂದು ಕ್ಷಣ ಇಬ್ಬರನ್ನೂ ನೋಡಿದ. ಆಮೇಲೆ ಕೀ ಕೊಟ್ಟು, "ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರ ತನಕ ಅಷ್ಟೇ ಸಾರ್" ಅಂದ.