‘ಬಂದೆನು’, ‘ಬಂದಿದ್ದೇನೆ’

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೊದಲನೆಯ ವರ್ಷ ತರಗತಿಯಲ್ಲಿ ಎದ್ದು ನಿಂತು ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ಎಂದು ನಗೆಗೀಡಾದೆನು. ಆಮೇಲೆ ಬಹುದಿನ ಬಾಯಿ ತೆರೆಯಲಿಲ್ಲ.

ಕ್ರಿಯಾಪದವು ಎರಡು ಸಂಗತಿಗಳನ್ನು ತಿಳಿಸುತ್ತದೆ. ಕ್ರಿಯೆ ಯಾವಾಗ ನಡೆಯಿತೆಂಬುದು ಕಾಲ. ಅದು ನಡೆಯುತ್ತಿದೆಯೋ, ಮುಗಿದು ಅದರ ಫಲ ಉಳಿದಿದೆಯೋ ಎಂಬುದು ಸ್ಥಿತಿ. ಈ ಭೇದ ಕನ್ನಡಕ್ಕೆ ಹೊಸದಲ್ಲ. ‘ಬರೆದೆನು’, ‘ಬರೆಯುತ್ತಿದ್ದೇನೆ’, ‘ಬರೆದಿದ್ದೇನೆ’ ಎಂಬುವಕ್ಕೆ ‘ರೋಟ್’, ‘ಆ್ಯಮ್ ರೈಟಿಂಗ್’, ‘ಹ್ಯಾವ್ ರಿಟನ್’ ಸಮೀಪವಾದುವು.

ದಾರಿ ಕವಲೊಡೆಯುವುದು ಒಂದೆಡೆ. ‘ನಿನ್ನೆಯೇ ಬಂದಿದ್ದೇನೆ’ ಎಂದರೆ ಕನ್ನಡ ಒಪ್ಪುತ್ತದೆ. ಇಂಗ್ಲಿಷಿನ ‘ಹ್ಯಾವ್’ ಆದರೋ ವರ್ತಮಾನಕ್ಕೆ ಅಂಟಿಕೊಂಡದ್ದು. ‘ನಿನ್ನೆ’, ‘ಕಳೆದ ವರ್ಷ’ ಮೊದಲಾದ ಕಳೆದುಹೋದ ಹೊತ್ತನ್ನು ಅದು ಜೊತೆಗೆ ಸೇರಿಸದು. ಹೊತ್ತನ್ನು ಹೇಳಿದರೆ ‘ಐ ಕೇಮ್ ಯೆಸ್ಟರ್‌ಡೇ’. ಬಂದಿರುವೆನೆಂದಷ್ಟೇ ತಿಳಿಸುವುದಾದರೆ ‘ಐ ಹ್ಯಾವ್ ಕಮ್’.

ಆದುದರಿಂದ, ಗೆಳೆಯರೆ, ನನ್ನ ತಪ್ಪು ತಾಯ್ನುಡಿಯ ನಿಯಮವನ್ನು ಪರಭಾಷೆಗೆ ಒಯ್ದುದರ ಫಲ. ಇದನ್ನರಿತವನು ತಿದ್ದಿಕೊಳ್ಳಬಲ್ಲನು. ಅಂಜಿ ಬಾಯಿ ಮುಚ್ಚಿ ಕುಳಿತವನ ತಪ್ಪನ್ನು ತಿದ್ದುವವರಾದರೂ ಯಾರು?