ಕುತ್ತಿಗೆಯ ನಾಳಕ್ಕೆ ತಂತಿ ತೋರಿದ ದಾರಿ

ಐಸಿಯು ಬಾಗಿಲಲ್ಲಿ ಕಾದು ನಿಂತವರ ಕೈಗೆ ನರ್ಸ್ ಒಂದು ಕಾಗದ ಕೊಡುತ್ತಾರೆ: ‘ಕುತ್ತಿಗೆಗೆ ಸೆಂಟ್ರಲ್ ಲೈನ್ ಹಾಕಬೇಕು, ಸಹಿ ಮಾಡಿ.’ ಅಂದರೆ ಹೃದಯದ ಸಮೀಪದ ದೊಡ್ಡ ಅಭಿಧಮನಿಯನ್ನು ತಲುಪುವ ಕೊಳವೆ. ಬಿದ್ದುಹೋದ ಬಿಪಿಯನ್ನು ಎತ್ತುವ ಪ್ರಬಲ ಔಷಧಗಳನ್ನು ಕೈಯ ಸಣ್ಣ ರಕ್ತನಾಳ ಬಹಳ ಹೊತ್ತು ತಾಳದು. ತುರ್ತು ಡಯಾಲಿಸಿಸ್‌ಗೂ ದೊಡ್ಡ ಅಭಿಧಮನಿಯೇ ಬೇಕು. ತೊಡಕೆಂದರೆ, ಕುತ್ತಿಗೆಯ ಆ ಅಭಿಧಮನಿಗೆ ಒತ್ತಿಕೊಂಡೇ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿ ಇದೆ. ತುಸು ಕೆಳಗೆ ಶ್ವಾಸಕೋಶದ ತುದಿ.

ಇಂಥ ಕೊಳವೆಯ, ಅಂದರೆ ಕ್ಯಾತಿಟರಿನ, ಚರಿತ್ರೆಯನ್ನು ಎಲ್ಲರೂ ಜರ್ಮನಿಯ ವರ್ನರ್ ಫೋರ್ಸ್‌ಮನ್‌ನಿಂದ ಶುರುಮಾಡುತ್ತಾರೆ. 1929ರಲ್ಲಿ ತನ್ನದೇ ತೋಳಿನ ಅಭಿಧಮನಿಯಿಂದ ಹೃದಯದವರೆಗೆ ಕ್ಯಾತಿಟರ್ ತೂರಿಸಿಕೊಂಡು, ಎಕ್ಸ್-ರೇ ಕೋಣೆಗೆ ನಡೆದುಹೋದ ಹುಂಬ ಡಾಕ್ಟರ್. 1956ರಲ್ಲಿ ನೊಬೆಲ್ ಪಾಲೂ ಸಿಕ್ಕಿತು. ಆದರೂ ಇಂದಿನ ರೋಗಿಯ ಮೇಲೆ ಹೆಚ್ಚಿನ ಋಣ ಇರುವುದು ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್‌ನದು ಎಂದೇ ನನ್ನ ಎಣಿಕೆ.

ಆತ ಸ್ಟಾಕ್‌ಹೋಮಿನ ರೇಡಿಯಾಲಜಿಸ್ಟ್. ದಪ್ಪ ಕ್ಯಾತಿಟರನ್ನು ಒಳಗೆ ಕಳಿಸಲು ಅದಕ್ಕಿಂತ ದಪ್ಪ ಸೂಜಿ ಚುಚ್ಚಬೇಕಿದ್ದ ಕಾಲ ಅದು. 1953ರಲ್ಲಿ ಪ್ರಕಟಿಸಿದ ಅವನ ಉಪಾಯ ಸರಳ: ತೆಳು ಸೂಜಿ ಚುಚ್ಚು, ಅದರೊಳಗಿಂದ ಬಳುಕುವ ತಂತಿ ಬಿಡು, ಸೂಜಿ ತೆಗೆ, ತಂತಿಗೆ ಮಣಿ ಪೋಣಿಸಿದಂತೆ ಕ್ಯಾತಿಟರ್ ಜಾರಿಸು, ಕೊನೆಗೆ ತಂತಿ ಎಳೆದುಕೋ. ಅಪಧಮನಿಗಳ ಚಿತ್ರ ತೆಗೆಯಲೆಂದು ಹುಟ್ಟಿದ ಈ ವಿಧಾನವೇ ಮುಂದೆ ಕುತ್ತಿಗೆಗೂ ಬಂತು. ಕಲಿಯುವವರಿಗೆ ಇಂದಿಗೂ ಮೊದಲ ಪಾಠ: ತಂತಿಯ ತುದಿಯನ್ನು ಕೈಬಿಡಬೇಡ, ಬಿಟ್ಟರೆ ಅದು ಒಳಗೇ ಹೋದೀತು.

ಇನ್ನು ಚುಚ್ಚುವುದೆಲ್ಲಿ? ಕತ್ತಿನ ಸ್ನಾಯುವಿನ ಎರಡು ಕವಲುಗಳ ನಡುವೆ ಒಂದು ತ್ರಿಕೋನವಿದೆ. ಬೆರಳಿಗೆ ಸಿಗುವ ಕೆರೋಟಿಡ್ ಬಡಿತದ ಹೊರಮಗ್ಗುಲಿಗೆ ಸೂಜಿ ಇಳಿಸುತ್ತಿದ್ದರು. ಸಾಮಾನ್ಯವಾಗಿ ಬಲಗಡೆ, ಅಲ್ಲಿಂದ ಹೃದಯಕ್ಕೆ ದಾರಿ ನೆಟ್ಟಗಿದೆ. ಮಂಚದ ತಲೆಭಾಗ ತಗ್ಗಿಸಿದರೆ ನಾಳ ಉಬ್ಬುತ್ತದೆ, ಗಾಳಿ ಒಳಸೇರುವ ಅಪಾಯವೂ ತಗ್ಗುತ್ತದೆ. ಪಳಗಿದ ಕೈಗೂ ಇದು ಅಂದಾಜಿನ ಕೆಲಸವೇ. ಎಲ್ಲರ ನಾಳವೂ ಪುಸ್ತಕದ ಚಿತ್ರದಲ್ಲಿರುವ ಜಾಗದಲ್ಲೇ ಇರುವುದಿಲ್ಲವಲ್ಲ!

ಅಂದಾಜಿಗೆ ಕಣ್ಣು ಬಂದದ್ದು ಅಲ್ಟ್ರಾಸೌಂಡಿನಿಂದ. ಅದರ ಪ್ರೋಬನ್ನು ಕುತ್ತಿಗೆಗೆ ಒತ್ತಿದರೆ ಅಭಿಧಮನಿ ಚಪ್ಪಟೆಯಾಗುತ್ತದೆ. ಅಪಧಮನಿ ಅಷ್ಟು ಸುಲಭಕ್ಕೆ ಬಗ್ಗದೆ ಮಿಡಿಯುತ್ತಲೇ ಇರುತ್ತದೆ. ಕ್ಯಾತಿಟರ್ ಹೋಗಲು ದಾರಿ ಅಗಲಿಸುವ ಮೊದಲು ತಂತಿ ಸರಿಯಾದ ನಾಳದಲ್ಲಿದೆಯೇ ಎಂದೂ ಪರದೆಯಲ್ಲೇ ನೋಡಬಹುದು. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2002ರಲ್ಲೇ ಅಲ್ಟ್ರಾಸೌಂಡ್ ಬಳಕೆಯನ್ನು ಶಿಫಾರಸು ಮಾಡಿತು. ಆದರೆ ಇದೇ ಯಂತ್ರದಿಂದ ಭ್ರೂಣದ ಲಿಂಗವನ್ನೂ ನೋಡಬಹುದಾದ್ದರಿಂದ, ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಸ್ಕ್ಯಾನಿಂಗ್ ಯಂತ್ರಕ್ಕೆ ನೋಂದಣಿ ಕಡ್ಡಾಯ. ಕಾಯ್ದೆ ಬೇಕೇ ಬೇಕು. ಲೈನ್ ಹಾಕುವ ಅರಿವಳಿಕೆ ತಜ್ಞರಿಗೆ ಕಾಗದಪತ್ರದ ಕಾಟ ಹೆಚ್ಚಾದದ್ದೂ ಸುಳ್ಳಲ್ಲ.

ಉಳಿದದ್ದು ಸೋಂಕು. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್ ಹಚ್ಚುವುದು, ರೋಗಿಗೆ ಪೂರ್ತಿ ಹೊದಿಕೆ ಹಾಕುವುದು, ತೊಡೆಸಂದು ಬಿಡುವುದು, ಬೇಡವಾದ ಲೈನ್ ಕೂಡಲೇ ತೆಗೆಯುವುದು ಎಂಬ ಐದು ನಿಯಮ ಪಾಲಿಸಿದಾಗ ರಕ್ತದ ಸೋಂಕು ಗಣನೀಯವಾಗಿ ಇಳಿದದ್ದು 2006ರಲ್ಲಿ ವರದಿಯಾಯಿತು. ಈ ಐದರಲ್ಲಿ ಕೊನೆಯದಕ್ಕೆ ಮನೆಯವರೂ ನೆರವಾಗಬಹುದು. ರೌಂಡ್ಸಿಗೆ ಬಂದ ಡಾಕ್ಟರನ್ನು ದಿನವೂ ಕೇಳಿ: ‘ಈ ಲೈನ್ ಇನ್ನೂ ಬೇಕೇ, ಸರ್?’