ಮೆಕ್ಕೆಜೋಳದ ದಿಂಡಿನಲ್ಲಿ ಅಡಗಿರುವ ಸಿಹಿ

ದಾವಣಗೆರೆ ಮತ್ತು ಹರಿಹರದ ಸುತ್ತಣ ಸೀಮೆಯಲ್ಲಿ ಭದ್ರಾ ನಾಲೆಯ ನೀರು ಹರಿಯುವ ಕಡೆ ಬತ್ತವೂ ಕಬ್ಬೂ, ಮಳೆಯನ್ನೇ ನಂಬಿದ ಕಡೆ ಮೆಕ್ಕೆಜೋಳವೂ ಬೆಳೆಯುತ್ತಿರುವುದು ಸರ್ವವಿದಿತವಾದ ವಿಷಯ. ಕಾಳನ್ನು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ರೈತರು ಒಲೆಗೆ ಹಾಕುವುದುಂಟು; ಕಣದ ಬದಿಯಲ್ಲಿ ರಾಶಿಮಾಡಿ ಸುಟ್ಟುಬಿಡುವುದೂ ಉಂಟು. ಒಣಗಿದ ತೆನೆಯ ತೂಕದಲ್ಲಿ ಸುಮಾರು 80 ಪಾಲು ಕಾಳಾದರೆ 20 ಪಾಲು ದಿಂಡಾಗಿರುತ್ತದೆ. ಅಂದರೆ 20 ಕ್ವಿಂಟಾಲ್ ಕಾಳು ಕೊಡುವ ಹೊಲದಲ್ಲಿ 5 ಕ್ವಿಂಟಾಲ್ ದಿಂಡು ದೊರೆಯುತ್ತದೆ. ಹೀಗೆ ಬೂದಿಯಾಗುವ ಈ ವಸ್ತುವಿನಿಂದ ಸಕ್ಕರೆಗೆ ಬದಲಾಗಿ ಬಳಸತಕ್ಕ ಒಂದು ಸಿಹಿ ಪದಾರ್ಥವನ್ನು ತಯಾರಿಸಬಹುದೆಂಬುದನ್ನು ಗ್ರಾಮದ ಪಟೇಲರೂ ಜಮೀನುದಾರರೂ ತಿಳಿದಿರುವುದು ಒಳ್ಳೆಯದು.

ಪದಾರ್ಥದ ಸ್ವರೂಪ

ಇದಕ್ಕೆ ಕ್ಸೈಲಿಟಾಲ್ ಎಂದು ಹೆಸರು. ಸಾರ್ಬಿಟಾಲ್, ಮಾಲ್ಟಿಟಾಲ್, ಎರಿತ್ರಿಟಾಲ್ ಎಂಬುವು ಇದರ ಜಾತಿಯವೇ. ರಸಾಯನಶಾಸ್ತ್ರಜ್ಞರು ಇವುಗಳನ್ನು ಸಕ್ಕರೆ ಆಲ್ಕೊಹಾಲುಗಳೆಂದು ಕರೆಯುವರು. ಹೆಸರನ್ನು ಕೇಳಿ ಯಾರೂ ಶಂಕಿಸಬೇಕಾದದ್ದಿಲ್ಲ. ಇವುಗಳಲ್ಲಿ ಮದ್ಯದ ಅಂಶವಾಗಲಿ ಅಮಲಾಗಲಿ ಇಲ್ಲ. ಹಣ್ಣು ತರಕಾರಿಗಳಲ್ಲಿ ಇವು ಸ್ವಲ್ಪಸ್ವಲ್ಪವಾಗಿ ಸ್ವಭಾವದಿಂದಲೇ ಇರುತ್ತವೆ. 1891ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಎಂಬ ವಿದ್ವಾಂಸನು ಬೀಚ್ ಮರದ ಚೂರುಗಳಿಂದ ಕ್ಸೈಲಿಟಾಲನ್ನು ಪಡೆದನು. ಎರಡನೆಯ ಮಹಾಯುದ್ಧಕಾಲದ ಸಕ್ಕರೆಯ ಅಭಾವವು ಫಿನ್ಲೆಂಡ್ ದೇಶದವರ ಗಮನವನ್ನು ಇದರ ಕಡೆ ಸೆಳೆಯಿತು. 1970ರ ದಶಕದಲ್ಲಿ ಅವರು ಬರ್ಚ್ ಮರದಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಈಗ ಚೀನಾ ದೇಶವು ಮುಖ್ಯವಾಗಿ ಮೆಕ್ಕೆಜೋಳದ ದಿಂಡಿನಿಂದಲೇ ಇದನ್ನು ಉತ್ಪತ್ತಿಮಾಡುತ್ತಿದೆ.

ತಯಾರಿಕೆಯ ಕ್ರಮ

ಒಣಗಿದ ದಿಂಡಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಸೈಲಾನ್ ಎಂಬ ನಾರಿನ ಅಂಶವಿರುತ್ತದೆ. ದಿಂಡನ್ನು ಪುಡಿಮಾಡಿ, ತೆಳುವಾದ ಆಮ್ಲದೊಡನೆ ಬಿಸಿಮಾಡಿದರೆ ಈ ಅಂಶವು ಒಡೆದು ಕ್ಸೈಲೋಸ್ ಎಂಬ ಸಕ್ಕರೆಯಾಗುತ್ತದೆ. ಅದನ್ನು ಶುದ್ಧಿಗೊಳಿಸಿ, ನಿಕಲ್ ಲೋಹದ ಸನ್ನಿಧಿಯಲ್ಲಿ ಹೆಚ್ಚಿನ ಒತ್ತಡದ ಜಲಜನಕ ವಾಯುವಿನೊಡನೆ ಕೂಡಿಸಿ, ಕೊನೆಗೆ ಹರಳುಗಟ್ಟಿಸುವರು. ಆದುದರಿಂದ ಇದು ಬೆಲ್ಲದಂತೆ ಆಲೆಮನೆಯಲ್ಲಿ ಆಗುವ ಕೆಲಸವಲ್ಲ. ಹೆಚ್ಚು ಬಂಡವಾಳವೂ ತಜ್ಞರೂ ಬೇಕು. ಹರಿಹರದ ಎದುರಿಗೆ, ತುಂಗಭದ್ರೆಯ ಆಚೆ ಕುಮಾರಪಟ್ಟಣದಲ್ಲಿ ರೇಯಾನ್ ಎಳೆಗಾಗಿ ಮರದ ತಿರುಳನ್ನು ತಯಾರಿಸುವ ಕಾರ್ಖಾನೆಯಿದೆ. ಇಂತಹ ತಿರುಳಿಗೆ ಶುದ್ಧವಾದ ನಾರು ಬೇಕಾದುದರಿಂದ ಮರದಲ್ಲಿರುವ ಈ ಕ್ಸೈಲಾನ್ ಅಂಶವನ್ನೇ ಮೊದಲು ಹೊರತೆಗೆಯಬೇಕಾಗುತ್ತದೆ. ಒಬ್ಬರಿಗೆ ಬೇಡವಾದದ್ದು ಮತ್ತೊಬ್ಬರಿಗೆ ಮೂಲಧನವಾಗುವುದು ಹೀಗೆ. ಸಾರ್ಬಿಟಾಲನ್ನಾದರೋ ದಿಂಡಿನಿಂದಲ್ಲ, ಕಾಳಿನ ಪಿಷ್ಟದಿಂದ ಮಾಡುವರು.

ಸಕ್ಕರೆಗೂ ಇದಕ್ಕೂ ಇರುವ ಭೇದ

ಒಂದು ಗ್ರಾಂ ಸಕ್ಕರೆಯಿಂದ ದೇಹಕ್ಕೆ 4 ಕ್ಯಾಲೊರಿ ದೊರೆತರೆ, ಸಾರ್ಬಿಟಾಲಿನಿಂದ 2.6, ಕ್ಸೈಲಿಟಾಲಿನಿಂದ 2.4, ಮಾಲ್ಟಿಟಾಲಿನಿಂದ 2.1, ಎರಿತ್ರಿಟಾಲಿನಿಂದ 0.2 ಮಾತ್ರ ದೊರೆಯುತ್ತದೆ. ಸಿಹಿಯಲ್ಲಿ ಕ್ಸೈಲಿಟಾಲ್ ಸಕ್ಕರೆಗೆ ಸಮ. ಸಾರ್ಬಿಟಾಲ್ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ. ಹಲ್ಲನ್ನು ಕೆಡಿಸುವ ಕ್ರಿಮಿಗಳಿಗೆ ಆಹಾರವಾಗುವುದೂ ಇಲ್ಲ. ಮಧುಮೇಹವು ಪಟ್ಟಣದಿಂದ ಹಳ್ಳಿಗೂ ಹಬ್ಬಿರುವ ಈ ಕಾಲದಲ್ಲಿ ಇದು ಸಣ್ಣ ಗುಣವಲ್ಲ.

ಎಚ್ಚರಿಕೆಗಳು

ಗುಣವಿರುವಲ್ಲಿ ದೋಷವೂ ಇರುವುದು ಸಹಜ. ಹೆಚ್ಚಾಗಿ ತಿಂದರೆ ಹೊಟ್ಟೆ ಉಬ್ಬರವೂ ಭೇದಿಯೂ ಆಗುವುವು. ಕ್ಸೈಲಿಟಾಲ್ ನಾಯಿಗೆ ವಿಷ. ಕಾವಲು ನಾಯಿಯುಳ್ಳವರು ಅದನ್ನು ಎಟುಕದಂತೆ ಇಡತಕ್ಕದ್ದು. "ಸಕ್ಕರೆರಹಿತ" ಎಂಬ ಚೀಟಿಯುಳ್ಳ ತಿಂಡಿಯಲ್ಲಿ ಮಾಲ್ಟಿಟಾಲ್ ಇದ್ದರೆ ರಕ್ತದ ಸಕ್ಕರೆ ಕೊಂಚ ಏರುವುದೂ ಉಂಟು. ರಕ್ತದಲ್ಲಿ ಎರಿತ್ರಿಟಾಲ್ ಮತ್ತು ಕ್ಸೈಲಿಟಾಲ್ ಹೆಚ್ಚಾಗಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಾಗಿ ಕಂಡುಬಂದುವೆಂದು ಅಮೆರಿಕದ ಸಂಶೋಧಕರು 2023 ಮತ್ತು 2024ರಲ್ಲಿ ಪ್ರಕಟಿಸಿದರು. ಇವೇ ಅದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗಿಲ್ಲ. ಆದರೂ ರೋಗಿಗಳು ವೈದ್ಯರನ್ನು ಕೇಳಿಯೇ ಬಳಸುವುದು ಕ್ಷೇಮ.

ರೈತರು ಮಾಡತಕ್ಕದ್ದು

ಸಿಹಿಯ ಈ ಹೊಸ ಮೂಲದಿಂದ ಕಬ್ಬಿಗೆ ಕುಂದು ಬರುವುದೆಂದು ಬೆಳೆಗಾರರು ಭಯಪಡಬೇಕಾದದ್ದಿಲ್ಲ. ಕಬ್ಬಿನ ಸಿಪ್ಪೆಯಲ್ಲಿಯೂ ಕ್ಸೈಲಾನ್ ಇದೆ. ಆದರೆ ಕೊಳ್ಳುವ ಕಾರ್ಖಾನೆಯಿಲ್ಲದೆ ದಿಂಡಿಗೆ ಈ ಬೆಲೆ ಬರಲಾರದು. ಆದಕಾರಣ ಮುಂದೆ ಕಾರ್ಖಾನೆ ಬರುವುದೆಂಬ ಮಾತನ್ನು ನಂಬಿ ಯಾರಿಗೂ ಮುಂಗಡ ಹಣವನ್ನು ಕೊಡಕೂಡದು. ದಿಂಡು ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡದು; ಬಿಡಿಬಿಡಿಯಾಗಿ ಸಾಗಿಸಿದರೆ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ. ಸಹಕಾರ ಸಂಘದ ಮೂಲಕ ಗ್ರಾಮದ ದಿಂಡನ್ನೆಲ್ಲ ಒಟ್ಟುಗೂಡಿಸಿ, ಮಳೆ ತಾಕದ ಎತ್ತರದ ಸ್ಥಳದಲ್ಲಿ, ಬೂಷ್ಟು ಹಿಡಿಯದಂತೆ ಒಣಗಿಸಿಟ್ಟರೆ ಮಾತ್ರ ಕೊಳ್ಳುವವರೊಡನೆ ದರದ ಮಾತು ಆಡಬಹುದು. ಅಲ್ಲಿಯವರೆಗೆ ಅದನ್ನು ಸುಡದೆ, ಪುಡಿಮಾಡಿ ಅಣಬೆ ಬೆಳೆಗೆ ಬಳಸಿಕೊಳ್ಳಬಹುದು, ಇಲ್ಲವೇ ಸಗಣಿಯೊಡನೆ ಗೊಬ್ಬರದ ಗುಂಡಿಗೆ ಸೇರಿಸಬಹುದು. ಹೊಲದಿಂದ ಬಂದದ್ದು ಹೊಲಕ್ಕೆ ಹಿಂದಿರುಗಿದರೂ ಅದು ನಷ್ಟವಲ್ಲ. ಬೆಂಕಿಗೆ ಹೋದದ್ದು ಮಾತ್ರವೇ ನಷ್ಟ.